ಕಣ್ಣೀಲೆ ಕಂಡದ್ದು

ಮದುವೆಯಾಗಿ ಬೈಲಹೊಂಗಲದ ಆ ಮನೆಗೆ ಬಂದ ಮೊದಲ ಸಂಜೆ, ಜಪಸರದ ಪ್ರಾರ್ಥನೆ ಮುಗಿಯುತ್ತಲೇ ನಾನು ಸೆರಗು ಸರಿಮಾಡಿಕೊಂಡು ಏಳಲು ಹೋದೆ. ಬೇರೆ ಯಾರೂ ಏಳಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೂತೇ ಇದ್ದರು. ಅವರ ಆಚೆ ನನ್ನ ಗಂಡ, ಈಚೆ ಮೈದುನ, ಇಬ್ಬರೂ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು. ನಾನೂ ಮತ್ತೆ ಜಮಖಾನದ ಮೇಲೆ ಕೂತೆ. ಬೀದಿಯಲ್ಲಿ ಟಂಟಂ ಆಟೊಗಳು ಹೋಗುತ್ತಿದ್ದವು, ಎದುರು ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು. ತುಸು ಹೊತ್ತಿನ ಮೇಲೆ ಅತ್ತೆ ಕಣ್ಣು ತೆರೆದು ನನ್ನನ್ನೇ ಮೊದಲು ಕೇಳಿದರು.

"ಇವತ್ತ ದೇವರು ನಿನಗ ಎಲ್ಲಿ ಕಂಡ್ನವಾ?"

ಕಿತ್ತೂರಿನ ನನ್ನ ತವರಲ್ಲಿ ಪ್ರಾರ್ಥನೆಯೆಂದರೆ ಬಾಯಿಪಾಠ. ಭಾನುವಾರ ಚರ್ಚಿನಲ್ಲಿ ಪೂಜೆ, ಮಲಗುವ ಮುಂಚೆ ಶಿಲುಬೆಯ ಗುರುತು, ಅಷ್ಟೇ. ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ದೇವರು ಎಲ್ಲಾ ಕಡೆ ಅದಾನಲ್ರಿ ಅತ್ತಿ," ಅಂದೆ.

"ಅದು ಪುಸ್ತಕದಾಗ ಐತಿ. ನೀ ಕಣ್ಣೀಲೆ ಏನ ಕಂಡಿ, ಅದನ್ನ ಹೇಳು."

ನಾನು ಏನೋ ತೊದಲಿದೆ. ಮೈದುನ ನಗು ತಡೆದುಕೊಂಡ. ಆಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಎಲ್ಲರೂ ಚಿಕ್ಕಂದಿನಿಂದ ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬೆಳೆದವರು ಎಂದು.

ನಮ್ಮತ್ತೆ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನೇಸರಗಿ ಕಡೆಯ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟಿದವರು ಈಗ ಅಪ್ಪಂದಿರಾಗಿ, ಬಸ್ ನಿಲ್ದಾಣದಲ್ಲಿ ಕಂಡರೆ "ನರ್ಸಬಾಯಾರ, ಆರಾಮದೀರೇನ್ರಿ?" ಎಂದು ಕೇಳುತ್ತಿದ್ದರು. ಈ ಪ್ರಾರ್ಥನೆಯನ್ನು ಅವರಿಗೆ ಕಲಿಸಿದ್ದು ಧಾರವಾಡದ ಬೋರ್ಡಿಂಗಿನಲ್ಲಿದ್ದ ಒಬ್ಬ ಸಿಸ್ಟರ್. ಬೆಳಿಗ್ಗೆ ಎದ್ದಲ್ಲಿಂದ ಹಿಡಿದು ಸಂಜೆ ದೀಪ ಹಚ್ಚುವ ತನಕ ಆ ದಿನವನ್ನು ಮತ್ತೊಮ್ಮೆ ನಿಧಾನವಾಗಿ ನಡೆದುಬರುವುದು. ಎಲ್ಲಿ ಮನಸ್ಸು ಬೆಚ್ಚಗಾಯಿತೋ ಅಲ್ಲಿ ನಿಲ್ಲುವುದು. ಎಲ್ಲಿ ಮುಖ ತಿರುಗಿಸಿದೆವೋ ಅಲ್ಲೂ ನಿಲ್ಲುವುದು. ಕೊನೆಗೆ ಕಂಡದ್ದರಲ್ಲಿ ಒಂದನ್ನು ಬಾಯಿಬಿಟ್ಟು ಹೇಳುವುದು.

"ಬೇಡಿಕೊಳ್ಳೋದು ಆಮ್ಯಾಲ," ಅನ್ನುತ್ತಿದ್ದರು. "ಮೊದಲ ನೋಡೋದು. ಬಸರಿ ಹೊಟ್ಟಿ ಮ್ಯಾಲ ಕೈ ಇಟ್ಟು ಕೂಸಿನ ತಲಿ ಎತ್ತಾಗ ಐತಿ ಅಂತ ನೋಡತೇವಲ್ಲ, ಹಂಗ. ಒತ್ತಬಾರದು, ಅವಸರ ಮಾಡಬಾರದು."

ನನಗೆ ಆ ಕೈ ಬರಲಿಲ್ಲ. ದೊಡವಾಡದ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಬಸ್ಸಿನಲ್ಲಿ ನಿಂತು ಬಂದು, ಮುಖ ತೊಳೆದು ಜಮಖಾನದ ಮೇಲೆ ಕೂತರೆ ನಿದ್ದೆ ಬರುತ್ತಿತ್ತು. ಬರುವಾಗ ಬಸ್ಸಿನಲ್ಲೇ ಉತ್ತರ ಹೊಂದಿಸಿಟ್ಟುಕೊಳ್ಳುತ್ತಿದ್ದೆ. ಹುಡುಗಿಯೊಬ್ಬಳು ಗೆಳತಿಗೆ ಪೆನ್ಸಿಲ್ ಕೊಟ್ಟಳು, ಕಂಡಕ್ಟರ್ ಮುದುಕಿಗೆ ಸೀಟು ಕೊಡಿಸಿದ. ಅತ್ತೆ ಕೇಳಿ ಸುಮ್ಮನಾಗುತ್ತಿದ್ದರು.

ನನ್ನ ಮದುವೆಯಾಗಿ ಎರಡನೆಯ ವರ್ಷ ಮೈದುನನ ಮದುವೆಯಾಯಿತು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ರಾಮದುರ್ಗದ ಕಡೆಯವಳು. ಮಾತು ಕಡಿಮೆ, ಕೈ ಚುರುಕು. ಆಮೇಲೆ ನನಗೆ ಮಗಳು ಹುಟ್ಟಿದಳು. ರಜೆ ಮುಗಿದು ನಾನು ಶಾಲೆಗೆ ಹೊರಟಾಗ ಮಗು ನೆಗೆಣ್ಣಿಯ ಕಂಕುಳಿಗೇರಿತು. ಎರೆಯುವುದು, ಉಣಿಸುವುದು, ಮಲಗಿಸುವುದು ಎಲ್ಲಾ ಅವಳೇ. ಮಾತು ಬಂದ ಮೇಲೆ ಮಗಳು ಅವಳನ್ನು "ಸಣ್ಣವ್ವ" ಅನ್ನುತ್ತಿದ್ದಳು. ಸಂಜೆ ಪ್ರಾರ್ಥನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು, ತನ್ನ ಸರದಿ ಬರುವ ಮೊದಲೇ "ನಾ ಎಮ್ಮಿ ಕಂಡೆ!" ಎಂದು ಕೂಗುತ್ತಿದ್ದಳು. ಅತ್ತೆ ಅದನ್ನೂ ಗಂಭೀರವಾಗಿ ಕೇಳಿ "ಚಲೋ ಕಂಡಿ," ಅನ್ನುತ್ತಿದ್ದರು.

ಅವಳಿಗೆ ಮೂರು ತುಂಬಿ ಸ್ವಲ್ಪ ದಿನವಾಗಿತ್ತು. ಬೇಸಿಗೆ ರಜೆಗೆ ಮುನ್ನ, ನಮ್ಮ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದ್ದ ಹೊತ್ತು. ಹೆಡ್ ಮಾಸ್ತರರು ನಾನಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಅಕ್ಕೋರ, ಮನಿಯಿಂದ ಫೋನ್ ಬಂದಿತ್ತು. ಕೂಸಿಗೆ ಆರಾಮಿಲ್ಲಂತ. ಬರ್ರಿ, ನಾ ಬಿಟ್ಟು ಬರತೇನಿ."

ಅವರ ಬೈಕಿನಲ್ಲಿ ಹೊರಟೆವು. ಜ್ವರವೇ, ವಾಂತಿಯೇ ಎಂದು ಕೇಳಿದೆ. ಗಾಳಿಗೆ ಕೇಳಿಸಲಿಲ್ಲವೆಂಬಂತೆ ಇದ್ದುಬಿಟ್ಟರು. ನಮ್ಮ ಬೀದಿಯ ತಿರುವಿನಲ್ಲಿ ಜನ ಕಂಡಾಗ ನನಗೆ ತಿಳಿಯಿತು.

ಅಂದು ನಳದಲ್ಲಿ ನೀರು ಬರುವ ದಿನ. ನಮ್ಮಲ್ಲಿ ನಳ ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡವಾಗಿ ಬರುತ್ತದೆ. ಹಾಗಾಗಿ ಎಲ್ಲರ ಅಂಗಳದಲ್ಲೂ ನೆಲದೊಳಗೆ ಒಂದು ಟಾಕಿ. ನಳ ಬಂದಾಗ ಅದರ ಮುಚ್ಚಳ ಸರಿಸಿ ಪೈಪು ಬಿಡುತ್ತಾರೆ. ಅತ್ತೆ ಯಾವುದೋ ಬಾಣಂತಿಯನ್ನು ನೋಡಲು ಹೋಗಿದ್ದರು. ಗಂಡಸರಿಬ್ಬರೂ ಬಸ್ ನಿಲ್ದಾಣದ ಹತ್ತಿರದ ತಮ್ಮ ಮೋಟಾರ್ ರಿಪೇರಿ ಅಂಗಡಿಯಲ್ಲಿದ್ದರು. ಮನೆಯಲ್ಲಿದ್ದವರು ನೆಗೆಣ್ಣಿ ಮತ್ತು ನನ್ನ ಮಗಳು.

ನಾನು ಒಳಗೆ ಹೋದಾಗ ಮಗು ಅತ್ತೆಯ ಮಡಿಲಲ್ಲಿತ್ತು. ಅವರ ಸೀರೆ ಎದೆಯಿಂದ ಕೆಳಗೆ ಒದ್ದೆಯಾಗಿತ್ತು. ಎಷ್ಟೋ ಕೂಸುಗಳಿಗೆ ಮೊದಲ ಉಸಿರು ತರಿಸಿದ ಬಾಯಿಂದ ಅವರು ನನ್ನ ಕೂಸಿಗೆ ಉಸಿರು ಊದಿದ್ದರು, ಎದೆ ಒತ್ತಿದ್ದರು. ನಾನು ಬರುವ ಹೊತ್ತಿಗೆ ನಿಲ್ಲಿಸಿದ್ದರು. ಮುಖವೆತ್ತಿ "ಆಗಲಿಲ್ಲ ತಂಗಿ," ಅಂದರು. ನೆಗೆಣ್ಣಿ ಅಡಿಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅವಳ ಕೂದಲಿಂದ ನೀರು ಇಳಿಯುತ್ತಿತ್ತು. ಟಾಕಿಗೆ ಇಳಿದು ಎತ್ತಿದವಳು ಅವಳೇ.

ಪೊಲೀಸರು ಬಂದು ಬರೆದುಕೊಂಡು ಹೋದರು. ಆಕಸ್ಮಿಕ ಎಂದು ನನ್ನ ಗಂಡ ಹೇಳಿದರು. ಎದುರು ಮನೆಯವರು ಎಲ್ಲರಿಗೂ ರೊಟ್ಟಿ ಪಲ್ಯ ಮಾಡಿ ತಂದಿಟ್ಟರು. ಮಣ್ಣಾಯಿತು. ಮಣ್ಣಿಗೆ ಬಂದ ನನ್ನ ಅವ್ವ ಕಿತ್ತೂರಿಗೆ ಹಿಂದಿರುಗುವ ಮುಂಚೆ ನನ್ನ ಮೊಣಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಕಿನ್ನ ಕೇಳು. ಆ ಹೊತ್ತಿನ್ಯಾಗ ಏನ ಮಾಡಾಕ ಹತ್ತಿದ್ದಳು ಅಂತ ಕೇಳು. ಫೋನ್ ಹಿಡಕೊಂಡ ಕುಂತಿರ್ತಾಳ, ಮತ್ತೇನ."

ನಾನು ನೆಗೆಣ್ಣಿಯನ್ನು ಕೇಳಲಿಲ್ಲ. ಕೇಳಿದರೆ ಅವಳೇನಾದರೂ ಉತ್ತರ ಕೊಟ್ಟಾಳು, ಆ ಉತ್ತರ ನನಗೆ ಸಾಲದು ಎಂಬುದು ಗೊತ್ತಿತ್ತು. ಅವಳ ಜೊತೆ ಮಾತು ಬಿಟ್ಟೆ. ಒಂದೇ ಅಡಿಗೆಮನೆ, ಒಂದೇ ಒಲೆ. ಅವಳು ಹಿಟ್ಟು ನಾದಿಟ್ಟು ಹೋದರೆ ನಾನು ಬಡಿಯುತ್ತಿದ್ದೆ.

ಮಣ್ಣಾದ ಮರುದಿನ ಸಂಜೆ ಅತ್ತೆ ಜಮಖಾನ ಹಾಸಿದರು. ನನಗೆ ಮೈ ಉರಿಯಿತು. ಈ ಮನೆಯಲ್ಲಿ ಇನ್ನೂ ಆ ಪ್ರಶ್ನೆ ಕೇಳುತ್ತಾರೆಯೇ ಎಂದು ನೋಡಲೆಂದೇ ಹೋಗಿ ಕೂತೆ. ಜಪಸರವಾಯಿತು. ಮೌನವಾಯಿತು. ಅತ್ತೆ ಕೇಳಿಯೇಬಿಟ್ಟರು.

"ಎಲ್ಲೂ ಇಲ್ಲ," ಅಂದೆ. "ಎಲ್ಲೂ ಇರಲಿಲ್ಲ ಅಂವ."

ನನ್ನ ಗಂಡ ಎದ್ದು ಹೊರಗೆ ಹೋದರು. ಅತ್ತೆ ನನ್ನ ಕಡೆ ತಿರುಗಿ, ರೋಗಿಯ ಹತ್ತಿರ ಮಾತಾಡುವ ಧ್ವನಿಯಲ್ಲಿ ಹೇಳಿದರು:

"ನನಗ ಹೇಳಬ್ಯಾಡ. ಅವಗ ಹೇಳು. ಎಲ್ಲೂ ಇರಲಿಲ್ಲ ನೀ, ಅಂತ ಅವನ ಮುಖಕ್ಕ ಹೇಳು. ಅದೂ ಪ್ರಾರ್ಥನೀನ."

ಅಂದಿನಿಂದ ದಿನಾ ಅದನ್ನೇ ಹೇಳಿದೆ. ಬೇಸಿಗೆ ಕಳೆಯಿತು, ಮಳೆ ಬಂತು, ಶಾಲೆ ಶುರುವಾಯಿತು. ಎಲ್ಲೂ ಇಲ್ಲ. ಎಲ್ಲೂ ಇಲ್ಲ. ನನ್ನ ಗಂಡ ಮತ್ತೆ ಆ ಜಮಖಾನದ ಮೇಲೆ ಕೂರಲಿಲ್ಲ, ಪ್ರಾರ್ಥನೆಯ ಹೊತ್ತಿಗೆ ಅಂಗಡಿಯಲ್ಲೇ ಉಳಿಯತೊಡಗಿದರು. ಮೈದುನನೂ ಅಣ್ಣನ ಹಿಂದೆ ಉಳಿದ. ಕೊನೆಗೆ ಉಳಿದವರು ಮೂವರು ಹೆಂಗಸರು. ನೆಗೆಣ್ಣಿ ಬಾಗಿಲ ಹತ್ತಿರ, ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ಅವಳ ಸರದಿ ಬಂದಾಗ ಅವಳು ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಕಾಯುತ್ತಿದ್ದರು. ನನಗೆ ಹಲ್ಲು ಕಡಿಯುವಷ್ಟು ಹೊತ್ತು ಕಾದು, ಆಮೇಲೆ ಶಿಲುಬೆಯ ಗುರುತು ಮಾಡಿ ಏಳುತ್ತಿದ್ದರು.

ನನ್ನ ಮಾತಿನಲ್ಲಿ ನಂಬಿಕೆಯೇನೂ ಉಳಿದಿರಲಿಲ್ಲ. ಆದರೂ ಯಾಕೆ ಕೂರುತ್ತಿದ್ದೆನೆಂದರೆ, ಊರಿನಲ್ಲಿ ಉಳಿದವರೆಲ್ಲ ನನ್ನ ಮಗಳು ದೇವದೂತೆಯಾದಳು, ದೇವರಿಗೆ ಒಳ್ಳೆಯವರೇ ಬೇಕು ಎಂದು ಹೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದರು. ಎಲ್ಲೂ ಇಲ್ಲ ಎಂದು ಹೇಳಲು ನನಗೆ ಆ ಜಮಖಾನವೊಂದೇ ಜಾಗ.

ಆ ಮಳೆಗಾಲದ ಕೊನೆಗೆ ಒಂದು ದಿನ ನಾನು ಬಸ್ಸಿಳಿದು ಬರುವಾಗ, ನೆಗೆಣ್ಣಿ ಕಾಯಿಪಲ್ಯದ ಗಾಡಿಯವಳ ಜೊತೆ ನಿಂತು ಏನಕ್ಕೋ ನಕ್ಕಳು. ನನ್ನ ಕಣ್ಣು ಕತ್ತಲಾಯಿತು. ಸಂಜೆ ಅತ್ತೆ ಕೇಳಿದಾಗ ಮೊದಲ ಬಾರಿಗೆ ಬೇರೆ ಉತ್ತರ ಕೊಟ್ಟೆ.

"ಇವತ್ತ ಒಂದ ಕಂಡೆ ಅತ್ತಿ. ಅಕಿ ನಗೋದು ಕಂಡೆ. ಬೀದ್ಯಾಗ ನಿಂತು ನಗಾಕ ಹತ್ತಿದ್ದಳು."

ನೆಗೆಣ್ಣಿ ತಲೆ ಎತ್ತಲಿಲ್ಲ. ಅತ್ತೆ ನನ್ನನ್ನು ಗದರಿಸಲಿಲ್ಲ.

"ಅಷ್ಟ ಕಂಡ್ಯೇನು?" ಎಂದು ಕೇಳಿದರು. "ನಾಳೆ ಇನ್ನೊಮ್ಮೆ ನೋಡು."

ನಾನು ನೋಡಿದೆ. ಒಳ್ಳೆಯ ಮನಸ್ಸಿನಿಂದ ನೋಡಲಿಲ್ಲ. ತಪ್ಪು ಹಿಡಿಯಬೇಕು, ಅತ್ತೆಯ ಮುಂದೆ ಇಡಬೇಕು ಎಂದು ಪತ್ತೇದಾರರಂತೆ ಅವಳ ಬೆನ್ನು ಹತ್ತಿದೆ. ಆದರೆ ದಿನಾ ಸಂಜೆ ಕಣ್ಣು ಮುಚ್ಚಿ ದಿನವನ್ನು ಮತ್ತೆ ನಡೆಯುವಾಗ, ನಾನು ಹುಡುಕಿದ್ದಕ್ಕಿಂತ ಬೇರೆಯದು ಎದುರು ನಿಲ್ಲುತ್ತಿತ್ತು. ಅವಳು ಟಾಕಿಯ ನೀರು ಕುಡಿಯುವುದಿಲ್ಲ, ಎದುರು ಮನೆಯಿಂದ ಒಂದು ಚರಿಗೆ ನೀರು ತಂದಿಟ್ಟುಕೊಳ್ಳುತ್ತಾಳೆ. ನಳ ಬಂದ ದಿನ ಪೈಪು ಬಿಟ್ಟು, ಟಾಕಿ ತುಂಬುವ ತನಕ ಅದರ ಬಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿರುತ್ತಾಳೆ, ಬಿಸಿಲಾದರೂ ಏಳುವುದಿಲ್ಲ. ಊಟಕ್ಕೆ ಎಲ್ಲರಿಗಿಂತ ಆಮೇಲೆ ಕೂರುತ್ತಾಳೆ, ನಾನು ಆ ಕಡೆ ಹೋದರೆ ತಾಟು ಮುಂದಿಟ್ಟುಕೊಂಡು ಕೈ ತಡೆದು ಕಾಯುತ್ತಾಳೆ. ಇದನ್ನೆಲ್ಲ ಕಂಡರೂ ನಾನು ಹೇಳಲಿಲ್ಲ. ಹೇಳಿದರೆ ಅವಳಿಗೆ ಏನೋ ಕೊಟ್ಟಂತಾಗುತ್ತದೆ ಅನಿಸುತ್ತಿತ್ತು. ಮತ್ತೆ ಎಲ್ಲೂ ಇಲ್ಲ ಎಂದೇ ಹೇಳುತ್ತಿದ್ದೆ. ಆದರೆ ಈಗ ಅದು ಪೂರ್ತಿ ನಿಜವಾಗಿರಲಿಲ್ಲ. ಅದು ಅತ್ತೆಗೆ ತಿಳಿಯುತ್ತಿತ್ತೆಂದು ನನ್ನ ಅನುಮಾನ.

ಮುಂದಿನ ವರ್ಷ ನನಗೆ ಚಚಡಿಯ ಶಾಲೆಗೆ ವರ್ಗವಾಯಿತು. ಅದೇ ವರ್ಷ ಅತ್ತೆಗೆ ರೊಟ್ಟಿ ಗಂಟಲಲ್ಲಿ ನಿಲ್ಲತೊಡಗಿತು. ಮೊದಲು ಸಾರಿನಲ್ಲಿ ನೆನೆಸಿ ತಿಂದರು, ಆಮೇಲೆ ಹಾಲಲ್ಲಿ ಹಿಚುಕಿ ತಿಂದರು. ನರ್ಸಾಗಿದ್ದವರಿಗೆ ನಮ್ಮೆಲ್ಲರಿಗಿಂತ ಮುಂಚೆ ಗೊತ್ತಾಗಿತ್ತು. ಬೆಳಗಾವಿಯ ಡಾಕ್ಟರು ಅನ್ನನಾಳದ ಕ್ಯಾನ್ಸರ್ ಎಂದು ಹೇಳಿದಾಗ, "ಎಷ್ಟ ಮುಂದ ಹೋಗೇತಿ, ಅದನ್ನ ಹೇಳ್ರಿ ಸಾಕು," ಅಂದರು. ತುಂಬಾ ಮುಂದೆ ಹೋಗಿತ್ತು. ರೇಡಿಯೇಶನ್ನಿನ ಕರೆಂಟು ಕೊಡಿಸಿದೆವು, ಬಾಯೆಲ್ಲ ಹುಣ್ಣಾಯಿತು. ಮನೆಗೆ ಕರೆತಂದೆವು.

ಅವರನ್ನು ನೋಡಿಕೊಳ್ಳಲು ಒಬ್ಬರಿಂದ ಆಗುತ್ತಿರಲಿಲ್ಲ. ಬೆಳಿಗ್ಗೆ ನಾನು ಶಾಲೆಗೆ ಹೋಗುವ ಮುಂಚೆ ಇಬ್ಬರೂ ಸೇರಿ ಅವರ ಮೈ ಒರೆಸಬೇಕು, ಮಗ್ಗಲು ಹೊರಳಿಸಬೇಕು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಬೇಕು. ಹೀಗೆ ನಮ್ಮಿಬ್ಬರ ನಡುವೆ ಮಾತು ಹುಟ್ಟಿತು. ಅದನ್ನು ಮಾತು ಎನ್ನಬಹುದಾದರೆ.

"ಹಿಡೀರಿ ಅಕ್ಕಾ."

"ಹಿಡದೇನಿ. ಎಳಿ."

ಸಂಜೆಯ ಪ್ರಾರ್ಥನೆ ಈಗ ಅವರ ಮಂಚದ ಸುತ್ತ. ಜಪಸರ ಹೇಳಲು ಅವರಿಗೆ ಉಸಿರು ಸಾಲದು, ಆದರೆ ಪ್ರಶ್ನೆ ಮಾತ್ರ ಬಿಡಲಿಲ್ಲ. ನಮ್ಮಿಬ್ಬರಿಂದ ಏನೂ ಬರದಿದ್ದರೆ ತಾವೇ ಹೇಳುತ್ತಿದ್ದರು. ಇವತ್ತ ಒಂದ ಚಮಚ ನೀರು ಇಳೀತು. ಇವತ್ತ ಕಿಟಕ್ಯಾಗ ಗುಬ್ಬಿ ಕುಂತಿತ್ತು. ಅವರ ನೋವು ನೋಡುತ್ತಿದ್ದ ನನಗೆ ಆ ಗುಬ್ಬಿಯ ಮೇಲೂ ಸಿಟ್ಟು ಬರುತ್ತಿತ್ತು. ಒಂದು ಚಮಚ ನೀರಿಗೆ ಕೃತಜ್ಞತೆ ಹೇಳಿಸಿಕೊಳ್ಳುವ ದೇವರು ಎಂಥವನು?

ಆಮೇಲೆ ಒಂದು ಸಂಜೆ ಬಂತು. ಅಂದು ಹಗಲೆಲ್ಲ ಅವರು ನರಳಿದ್ದರು. ಮಾತ್ರೆ ಇಳಿದಿರಲಿಲ್ಲ, ಚುಚ್ಚುಮದ್ದು ಕೊಡುವ ಹುಡುಗಿ ತಡವಾಗಿ ಬಂದು ಹೋಗಿದ್ದಳು. ನಾವು ಮೌನವಾಗಿ ಕೂತಿದ್ದೆವು. ಅವರು ಕಣ್ಣು ತೆರೆದು, ಯಾರನ್ನೂ ಕೇಳದೆ ಹೇಳಿದರು.

"ಇವತ್ತ ನನಗ ಎಲ್ಲೂ ಕಾಣಲಿಲ್ಲ. ಬೆಳಿಗ್ಗಿಂದ ಹುಡಿಕೇನಿ. ಎಲ್ಲೂ ಇಲ್ಲ."

ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಅಷ್ಟು ಹೆದರಿದ್ದು ನನ್ನ ಮಗಳು ಹೋದ ದಿನ ಬಿಟ್ಟರೆ ಅದೇ. ನಾನು ಎಷ್ಟೋ ತಿಂಗಳು ಅದೇ ಮಾತನ್ನು ಅವರ ಮೇಲೆ ಎಸೆದಿದ್ದೆ. ಅದು ಅವರಿಗೆ ತಾಗುವುದಿಲ್ಲ ಎಂಬ ಧೈರ್ಯದಿಂದಲೇ ಎಸೆದಿದ್ದೆ. ಅವರಿಗೂ ಕಾಣದಿದ್ದರೆ ಈ ಮನೆಯಲ್ಲಿ ಇನ್ಯಾರಿಗೆ ಕಾಣಬೇಕು? ಏನಾದರೂ ಹೇಳಬೇಕು. ಸುಳ್ಳು ಹೇಳಿದರೆ ಅವರು ಹಿಡಿದುಬಿಡುತ್ತಾರೆ. ಬೆಳಿಗ್ಗೆಯಿಂದ ಆ ದಿನವನ್ನು ಮತ್ತೆ ನಡೆದುಬಂದೆ. ಮೈ ಒರೆಸಿದ್ದು ಎದುರಿಗೆ ಬಂತು.

"ನಾ ಕಂಡೆ ಅತ್ತಿ," ಅಂದೆ.

ಅವರು ತಿರುಗಲಿಲ್ಲ.

"ಬೆಳಿಗ್ಗೆ ನಿಮ್ಮ ಮೈ ಒರಸೋಕಿಂತ ಮೊದಲ ಅಕಿ ನೀರನ್ನ ತನ್ನ ಮೊಣಕೈ ಮ್ಯಾಲ ಹಾಕ್ಕೊಂಡ ನೋಡಿದಳು. ಸುಡತೈತೇನೋ ಅಂತ. ಸುಡತಿತ್ತು. ತಣ್ಣೀರು ಬೆರಸಿ ಮತ್ತೊಮ್ಮೆ ಹಾಕ್ಕೊಂಡ ನೋಡಿದಳು."

ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಮೊಣಕೈಯಲ್ಲಿ ನೀರು ನೋಡುವುದು ಕೂಸಿಗೆ ಎರೆಯುವಾಗ. ಅವಳು ಅದನ್ನು ಕಲಿತದ್ದು ನನ್ನ ಮಗಳಿಂದ. ನಾನು ಬಸ್ಸು ಹಿಡಿಯಲು ಓಡುತ್ತಿದ್ದ ಬೆಳಗುಗಳಲ್ಲಿ, ಹಿತ್ತಲಿನಲ್ಲಿ ಹಾಗೆ ಎಷ್ಟು ಸಲ ಅವಳು ಮೊಣಕೈ ಒಡ್ಡಿದ್ದಳೋ. ಇದರಲ್ಲಿ ದೇವರಿದ್ದಾನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಈಗಲೂ ಅಷ್ಟು ಸಲೀಸಾಗಿ ಬರುವುದಿಲ್ಲ. ಆದರೆ ನಾನು ಕಂಡದ್ದು ಸುಳ್ಳಲ್ಲ.

ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. ಕೈ ಎತ್ತಲು ನೋಡಿದರು, ಆಗಲಿಲ್ಲ. ನೆಗೆಣ್ಣಿ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹಿತ್ತಲಿಗೆ ಹೋದಳು. ತುಂಬಾ ಹೊತ್ತು ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ.

ಅದಾದ ಮೇಲೆ ಅತ್ತೆ ಹೆಚ್ಚು ದಿನ ಇರಲಿಲ್ಲ. ಕೊನೆಯ ದಿನಗಳಲ್ಲಿ ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಳುತ್ತಿದ್ದೆ, ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಅವರು ರೆಪ್ಪೆ ಅಲುಗಿಸುತ್ತಿದ್ದರು. ನೆಮ್ಮದಿಯ ಸಾವು ಎಂದು ಬಂದವರು ಹೇಳಿದರು. ನೆಮ್ಮದಿಯದಾಗಿರಲಿಲ್ಲ. ಉಸಿರಿಗಾಗಿ ಒದ್ದಾಡಿದರು, ನಾವಿಬ್ಬರೂ ಆಚೆ ಈಚೆ ಹಿಡಿದುಕೊಂಡಿದ್ದೆವು. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು.

ತಾಯಿ ಹೋದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಜಗಳವೇನೂ ಆಗಲಿಲ್ಲ. ಮೈದುನ ಹೆಂಡತಿಯನ್ನು ಕರೆದುಕೊಂಡು ರಾಮದುರ್ಗಕ್ಕೆ ಹೋಗಿ ಬೇರೆ ಅಂಗಡಿ ಹಾಕಿದ. ಹೊರಡುವ ದಿನ ನೆಗೆಣ್ಣಿ ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. ಬೇಡವೆಂದಲ್ಲ, ಏನು ಮಾಡಬೇಕೆಂದು ತೋಚಲಿಲ್ಲ.

ಖಾಲಿ ಮನೆಯಲ್ಲಿ ಸಂಜೆ ನಾನೊಬ್ಬಳೇ ಕೂರತೊಡಗಿದೆ. ಚಚಡಿಯಿಂದ ಬರುವ ಬಸ್ಸಿನಲ್ಲಿ ಈಗ ಉತ್ತರ ಹೊಂದಿಸುತ್ತಿರಲಿಲ್ಲ. ಎಷ್ಟೋ ದಿನ ಏನೂ ಕಾಣುತ್ತಿರಲಿಲ್ಲ. ಕಂಡ ದಿನವೂ ಅದು ಹೆಚ್ಚಾಗಿ ಯಾರದೋ ನೋವೇ. ತರಗತಿಯಲ್ಲಿ ಅಂಗಿಯ ತೋಳು ಎಳೆದೆಳೆದು ಬರೆ ಮುಚ್ಚಿಕೊಳ್ಳುವ ಹುಡುಗಿ, ಸವದತ್ತಿಯ ಬಸ್ ನಿಲ್ದಾಣದಲ್ಲಿ ಯಾರೂ ಇಲ್ಲದ ಕಡೆ ತಿರುಗಿ ಮಾತಾಡುತ್ತಿದ್ದ ಹೆಂಗಸು. ಮುಂಚೆಯೂ ಇವರು ಇದ್ದಿರಬೇಕು. ನನಗೆ ಕಂಡಿರಲಿಲ್ಲ. ಕಣ್ಣು ಬರುವುದೆಂದರೆ ಬೆಳಕು ಬರುವುದು ಎಂದುಕೊಂಡಿದ್ದೆ. ನನಗೆ ಬಂದದ್ದು ನೋಡಿದ ಮೇಲೆ ಮುಖ ತಿರುಗಿಸಲಾಗದ ಕಷ್ಟ. ಹಾಗೆ ಕೂತ ಸಂಜೆಗಳಲ್ಲಿ ನೆಗೆಣ್ಣಿ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದ್ದಳು, ಹಿಂದೆ ಸರಿದ ನನ್ನ ಕಾಲೂ ಬರುತ್ತಿತ್ತು.

ಕಳೆದ ವರ್ಷ ದಸರೆಯ ರಜೆಯಲ್ಲಿ, ನನ್ನ ಗಂಡನಿಗೆ ಹೇಳಿ, ಯರಗಟ್ಟಿಯ ಮೇಲೆ ಹೋಗುವ ಬಸ್ಸು ಹಿಡಿದು ರಾಮದುರ್ಗಕ್ಕೆ ಹೋದೆ. ಅವರು ಹೋಗು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಮಗ್ಗಗಳಿರುವ ಒಂದು ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನನ್ನನ್ನು ಬಾಗಿಲಲ್ಲಿ ಕಂಡು ನೆಗೆಣ್ಣಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ಬರ್ರಿ ಅಕ್ಕಾ," ಅಂದಳು. ನೀರು ಕೊಟ್ಟಳು, ಚಹಾ ಮಾಡಿದಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಕಂಡಿತು. ಅವರಿಗೆ ಮಕ್ಕಳಾಗಿಲ್ಲ. ಹೊತ್ತು ಇಳಿದ ಮೇಲೆ ನಾನೇನೂ ಹೇಳದಿದ್ದರೂ ಅವಳು ಎದ್ದು ಚಾಪೆ ಹಾಸಿದಳು. ಮೈದುನ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಇಬ್ಬರೂ ಜಪಸರ ಹೇಳಿದೆವು. ಮೌನವಾಗಿ ಕೂತೆವು. ನಾನು ನನ್ನದೊಂದು ಹೇಳಿದೆ, ಏನೆಂದು ಈಗ ನೆನಪಿಲ್ಲ. ಅವಳು ಎಂದಿನಂತೆ ಸುಮ್ಮನಿರುತ್ತಾಳೆಂದು ನಾನು ಶಿಲುಬೆಯ ಗುರುತಿಗೆ ಕೈ ಎತ್ತಿದೆ.

"ಅಕ್ಕಾ," ಅಂದಳು. "ನಾ ಇವತ್ತಿಂದು ಹೇಳೂದಿಲ್ಲ. ಆ ದಿನದ್ದು ಹೇಳತೇನಿ. ಬೆಳಿಗ್ಗಿಂದ ಹೇಳತೇನಿ. ನೀವು ಬ್ಯಾಡಂದ್ರ ಬಿಡತೇನಿ."

ನನ್ನ ಕೈ ಹಾಗೇ ಕೆಳಗಿಳಿಯಿತು. "ಹೇಳು," ಅಂದೆ.

"ನೀವು ಬಸ್ಸಿಗೆ ಹ್ವಾದ ಮ್ಯಾಲ ಎದ್ದಳು. ನಿಮ್ಮನ್ನ ಮಂಚದ ಕೆಳಗ ಹುಡಿಕಿದಳು. ಅವ್ವ ಅಡಗ್ಯಾಳ ಅಂದಳು. ಸಾಲಿಗೆ ಹ್ವಾದಳು ಅಂದೆ, ನಂಬಲಿಲ್ಲ. ಹಾಲಾಗ ರೊಟ್ಟಿ ಹಾಕಿ ಕೊಟ್ಟೆ, ತಿಂದಳು. ಎರಡ ಜಡಿ ಹಾಕು ಅಂತ ಹಟ ಹಿಡದಳು. ಆ ಗೇಣುದ್ದ ಕೂದಲಿಗೆ ಎರಡ ಜಡಿ. ಹಾಕಿದೆ. ಕನ್ನಡಿ ಮುಂದಿಂದ ಏಳವಲ್ಲಳು. ಆಮ್ಯಾಲ ನಳ ಬಂತು."

ಓಣಿಯ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು.

"ಪೈಪ ಬಿಟ್ಟೆ. ಅಕಿ ಒಗೆಯೋ ಕಲ್ಲಿನ ಹಂತ್ಯಾಕ ಕುಂತು ಗೊಂಬಿ ಅಂಗಿ ಒಗ್ಯಾಕ ಹತ್ತಿದ್ದಳು. ನನಗ ಹೊಟ್ಟಿ ತೊಳಸಿ ಬಂತು ಅಕ್ಕಾ. ಆಗ ನನಗ ಮುಟ್ಟು ನಿಂತಿತ್ತು. ಯಾರಿಗೂ ಹೇಳಿರಲಿಲ್ಲ, ಇವರಿಗಷ್ಟ ಗೊತ್ತಿತ್ತು. ಬಚ್ಚಲಕ್ಕ ಓಡಿದೆ. ವಾಂತಿ ಮಾಡಕೋತ ಇದ್ರೂ ಕಿವಿ ಅಕಿ ಕಡೆನ ಇತ್ತು. ಹಾಡತಿದ್ದಳು. ನೀವು ಸಾಲ್ಯಾಗ ಕಲಸೋ ಮಳಿ ಹಾಡು. ಹಾಡತಾಳಲ್ಲ ಅಂತ ಧೈರ್ಯ. ಬಾಯಿ ತೊಳಕೊಂಡೆ. ಹಾಡು ನಿಂತಿತ್ತು. ಹೊರಗ ಬಂದೆ, ಕಲ್ಲಿನ ಹಂತ್ಯಾಕ ಇರಲಿಲ್ಲ. ಮನ್ಯಾಗ ಹ್ವಾದಳು ಅನ್ಕೊಂಡೆ. ಮೊದಲ ಒಳಗ ನೋಡಿದೆ ಅಕ್ಕಾ. ಮಂಚದ ಕೆಳಗ ನೋಡಿದೆ. ಟಾಕಿ ನೋಡಲಿಲ್ಲ. ಮೊದಲ ಒಳಗ ನೋಡಿದೆ."

ಅದನ್ನೇ ಎರಡು ಮೂರು ಸಲ ಹೇಳಿದಳು. ಆಮೇಲೆ, ಹೊಟ್ಟೆಯಲ್ಲಿದ್ದುದೂ ಸ್ವಲ್ಪ ದಿನಕ್ಕೆ ಉಳಿಯಲಿಲ್ಲ ಎಂದಳು. ಆಗ ಅತ್ತೆಗೆ ಗೊತ್ತಾಯಿತಂತೆ, ಅತ್ತೆಯೇ ನೋಡಿಕೊಂಡರಂತೆ.

"ಯಾಕ ಹೇಳಲಿಲ್ಲ ನನಗ?" ಎಂದು ಕೇಳಿದೆ.

"ಹೆಂಗ ಹೇಳಲಿ? ನಿಮ್ಮ ಕೂಸು ಹ್ವಾದ ಮನ್ಯಾಗ ನನ್ನ ವಾಂತಿದು ಹೇಳಲ್ಯಾ? ನೆಪ ಹೇಳಿದಂಗ ಆಗತಿತ್ತು."

ನಾನು ಅವಳನ್ನು ತಬ್ಬಿಕೊಳ್ಳಲಿಲ್ಲ. ಕ್ಷಮಿಸಿದೆ ಎಂಬ ಮಾತು ಬಾಯಿಗೆ ಬರಲಿಲ್ಲ, ಯಾವುದನ್ನು ಕ್ಷಮಿಸಬೇಕೆಂದೂ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನನ್ನ ಮಗಳ ಕೊನೆಯ ಬೆಳಗು ಇಷ್ಟು ವರ್ಷ ಇವಳ ಹತ್ತಿರ ಇತ್ತು. ಇವಳೊಬ್ಬಳ ಹತ್ತಿರ.

"ಎರಡೂ ಜಡಿ ಹಾಕಿದ್ಯಾ?" ಎಂದು ಕೇಳಿದೆ.

"ಎರಡೂ ಹಾಕಿದ್ದೆ."

ನಾನು ನೋಡಿದಾಗ ಒಂದು ಬಿಚ್ಚಿಹೋಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಮತ್ತೇನು ಮಾಡಿದಳು, ಮತ್ತೇನು ಅಂದಳು ಎಂದು ಕೇಳುತ್ತಾ ಹೋದೆ. ಅವಳು ನೆನಪಿದ್ದದ್ದನ್ನೆಲ್ಲ ಹೇಳಿದಳು. ಮೈದುನ ಬಂದು, ನಮ್ಮನ್ನು ನೋಡಿ, ಚಪ್ಪಲಿ ಬಿಡದೆ ಹಾಗೇ ಹೊರಗೆ ಹೋಗಿ ಓಣಿಯಲ್ಲಿ ನಿಂತ.

ಮರುದಿನ ಮಧ್ಯಾಹ್ನ ಬೈಲಹೊಂಗಲಕ್ಕೆ ಬಂದಿಳಿದೆ. ನನ್ನ ಗಂಡ ಊಟಕ್ಕೆ ಮನೆಗೆ ಬಂದಿದ್ದರು. ಬಡಿಸುತ್ತಾ, ಅವಳು ಹೇಳಿದ್ದನ್ನೆಲ್ಲ ಬೆಳಿಗ್ಗೆಯಿಂದ ಅದೇ ಕ್ರಮದಲ್ಲಿ ಅವರಿಗೆ ಹೇಳಿದೆ. ಬಚ್ಚಲಿನದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟರು.

"ಅಳತಿದ್ಲೇನು?" ಎಂದು ಕೇಳಿದರು.

"ಇಲ್ಲ. ಹಾಡತಿದ್ಲಂತ."

ಅವರು ಕೈ ತೊಳೆದು ಬಂದು ಕಟ್ಟೆಯ ಮೇಲೆ ಕೂತರು. ಅಂದು ಅಂಗಡಿಗೆ ಹೋಗಲಿಲ್ಲ. ಸಂಜೆ ನಾನು ಒಳಗೆ ಜಪಸರ ಹಿಡಿದು ಕೂತಾಗಲೂ ಅವರು ಕಟ್ಟೆಯ ಮೇಲೆಯೇ ಇದ್ದರು. ಒಳಗೆ ಬರಲಿಲ್ಲ. ಅಂದು ಕಂಡದ್ದನ್ನು ನಾನು ಕಟ್ಟೆಗೂ ಕೇಳಿಸುವಂತೆ ಧ್ವನಿ ಸ್ವಲ್ಪ ಎತ್ತರಿಸಿ ಹೇಳಿದೆ.